ನೀಲಿ ಕೋಣೆಯಲ್ಲಿದ್ದವನು

ಕಾಫಿ ಯಂತ್ರವನ್ನು ಎಲ್ಲಿಡಬೇಕು ಎಂಬುದರ ಬಗ್ಗೆ ನಮ್ಮ ವಿಶ್ವವಿದ್ಯಾಲಯದ ಸಮಿತಿ ಮೂರು ಸಭೆ ನಡೆಸಿತು. ನೆಲದಿಂದ ಎರಡು ಕಿಲೋಮೀಟರ್ ಕೆಳಗೆ, ಚಿನ್ನ ತೆಗೆದು ಬಿಟ್ಟುಹೋದ ಗಣಿಯೊಳಗೆ, ಜಗತ್ತೇ ತಿರುಗಿ ನೋಡುವಂಥ ಪ್ರಯೋಗಾಲಯ ಕಟ್ಟಬೇಕೆಂದು ಹೊರಟವರು ನಾವು. ಸುರಂಗದ ಮೇಲ್ಭಾಗಕ್ಕೆ ಎಷ್ಟು ದಪ್ಪ ಕಾಂಕ್ರೀಟು ಬಳಿಯಬೇಕು, ಗಾಳಿ ಯಾವ ಕಡೆಯಿಂದ ಬರಬೇಕು, ಬೆಂಕಿ ಹತ್ತಿಕೊಂಡರೆ ಜನ ಎಲ್ಲಿ ಸೇರಬೇಕು, ಎಲ್ಲವೂ ಒಂದೇ ಮಧ್ಯಾಹ್ನದಲ್ಲಿ ತೀರ್ಮಾನವಾದವು. ಕಾಫಿ ಯಂತ್ರ ಮಾತ್ರ ಇತ್ಯರ್ಥವಾಗಲಿಲ್ಲ. ಪಂಪಿನ ಮನೆಯ ಹತ್ತಿರ ಇಟ್ಟರೆ ಸದ್ದು, ಕೇಜೆಂಬ ಕಬ್ಬಿಣದ ಪಂಜರದಲ್ಲಿ ಜನ ಇಳಿದು ಹತ್ತುವ ಶಾಫ್ಟಿನ ಹತ್ತಿರ ಇಟ್ಟರೆ ಧೂಳು. ದೊಡ್ಡ ದೊಡ್ಡ ಪದವಿಯ ಗಂಡಸರು ಅದಕ್ಕಾಗಿ ಮೇಜು ಗುದ್ದಿ ಮಾತಾಡಿದರು.

ನಕ್ಷೆ ಬರೆಯುವವಳು ನಾನು. ನನ್ನ ಹೆಸರು ಫುತಿ. ಪೂರ್ತಿ ಹೆಸರು ನ್ತೋಂಬಿಫುತಿ, ಅಂದರೆ ‘ಮತ್ತೆ ಹೆಣ್ಣು’. ಮೂರು ಹೆಣ್ಣುಗಳ ಮೇಲೆ ನಾನೂ ಹುಟ್ಟಿದಾಗ ನಮ್ಮಪ್ಪ ಬಿಟ್ಟ ನಿಟ್ಟುಸಿರನ್ನೇ ಹೆಸರಾಗಿ ಇಟ್ಟರು. ಸಮಿತಿಯಲ್ಲಿ ನಾನು ಬಾಯಿ ತೆರೆದಾಗಲೆಲ್ಲ ಸುತ್ತಲಿನ ಮುಖಗಳಲ್ಲಿ ಅದೇ ನಿಟ್ಟುಸಿರು ಕಾಣುತ್ತದೆ. ಅದಕ್ಕೇ ನಾನು ಆಗಾಗ ಬಾಯಿ ತೆರೆಯುತ್ತಿರುತ್ತೇನೆ.

ಸಮಿತಿಯಲ್ಲಿ ಲೆಕ್ಕಕ್ಕೆ ಬರುವವರು ಇಬ್ಬರೇ. ಒಬ್ಬರು ಭೌತಶಾಸ್ತ್ರದ ಪ್ರೊಫೆಸರ್ ಸ್ಟ್ರೈಡಮ್. ಬಾಗಿಲಲ್ಲಿ ತಲೆ ಬಗ್ಗಿಸಿ ಬರುವಷ್ಟು ಎತ್ತರದ ಬಿಳಿಯ ಮನುಷ್ಯ, ಮಾತು ಕಡಿಮೆ. ಇಡೀ ವಿಶ್ವವನ್ನು ತುಂಬಿಕೊಂಡಿರುವ, ಆದರೆ ಯಾರ ಕಣ್ಣಿಗೂ ಬೀಳದ, ಯಾವುದನ್ನೂ ತಾಕದೆ ಎಲ್ಲವನ್ನೂ ತೂರಿಕೊಂಡು ಹೋಗುವ ಒಂದು ಬಗೆಯ ದ್ರವ್ಯ ಇದೆಯಂತೆ. ಮೇಲೆ, ಆಕಾಶದ ಕಿರಣಗಳ ಗದ್ದಲದಲ್ಲಿ ಅದರ ಸುಳಿವು ಸಿಗುವುದಿಲ್ಲ. ಇಷ್ಟು ಬಂಡೆಯ ಕೆಳಗೆ ಒಂದು ತೊಟ್ಟಿ ಇಟ್ಟುಕೊಂಡು, ಅದು ಒಮ್ಮೆಯಾದರೂ ತಾಕೀತೇ ಎಂದು ವರ್ಷಗಟ್ಟಲೆ ಕಾಯಬೇಕು. ಸ್ಟ್ರೈಡಮ್ ತಮ್ಮ ಅರ್ಧ ಆಯುಷ್ಯವನ್ನು ಆ ಕಾಯುವಿಕೆಗೆ ಬರೆದುಕೊಟ್ಟಿದ್ದಾರೆ.

ಇನ್ನೊಬ್ಬರು ಯೋಜನೆಯ ಮುಖ್ಯಸ್ಥ ಡಾಕ್ಟರ್ ಮೊಖೆಲೆ. ನಮ್ಮ ಹಾಗೇ ಕರಿಯರು, ಸೋತೋ ಜನಾಂಗದವರು. ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಮಾತಾಡುತ್ತಾರೆ. ಅವರ ಕೋಟಿನ ತೋಳಿನಲ್ಲಿ ಒಂದು ಸುಕ್ಕನ್ನು ನಾನು ಯಾವತ್ತೂ ನೋಡಿರಲಿಲ್ಲ.

ನಕ್ಷೆಯಲ್ಲಿ ಪಂಪಿನ ಮನೆ ದಾಟಿದ ಮೇಲೆ ಪೂರ್ವದ ಕೊನೆಯಲ್ಲಿ ಒಂದು ಕವಲು ಸುರಂಗವಿದೆ. ಬಹಳ ಹಿಂದೆ ಅಲ್ಲಿ ಬಂಡೆ ಕುಸಿದಿತ್ತು. ಆಮೇಲೆ ಗಣಿಯವರು ಅದರ ಬಾಯಿಗೆ ಗೋಡೆ ಕಟ್ಟಿ ಮರೆತಿದ್ದರು. ನಾವು ಆ ಗೋಡೆ ಒಡೆಸಿ ನೋಡಿದಾಗ ಸ್ಟ್ರೈಡಮ್ ಮಗುವಿನಂತೆ ನಕ್ಕರು. ಶಾಫ್ಟಿನಿಂದ ಅತಿ ದೂರ, ಅತಿ ನಿಶ್ಶಬ್ದ. ತೊಟ್ಟಿ ಅಲ್ಲೇ ಆಗಬೇಕು ಎಂದರು. ನಾನು ಒಳಗೆ ಹೋಗಿ ಅಳತೆ ತೆಗೆದುಕೊಂಡು, ನಕ್ಷೆಯಲ್ಲಿ ಅದಕ್ಕೆ ನೀಲಿ ಬಣ್ಣ ತುಂಬಿದೆ. ತಿಂಗಳ ಕೊನೆಗೆ ಆ ಬಂಡೆಗೆಲ್ಲ ಕಾಂಕ್ರೀಟು ಎರಚಿ ಮುಚ್ಚುವುದೆಂದು ಗೊತ್ತಾಯಿತು.

ಕಾನೂನಿನ ಪ್ರಕಾರ ಊರಿನವರ ಅಭಿಪ್ರಾಯ ಕೇಳಬೇಕು. ಕೇಳಬೇಕೆಂದಿದೆಯೇ ಹೊರತು ಕಿವಿಗೆ ಹಾಕಿಕೊಳ್ಳಬೇಕೆಂದು ಎಲ್ಲೂ ಬರೆದಿಲ್ಲ. ಗಣಿ ಕಾಲೊನಿಯ ಸಭಾಭವನದ ಗೋಡೆಗೆ ನನ್ನ ನಕ್ಷೆ ಅಂಟಿಸಿ, ಬಂದವರಿಗೆ ಬಿಸಿ ಮಗ್ವಿನ್ಯಾ ಮತ್ತು ಚಹ ಕೊಟ್ಟರು. ಡಾಕ್ಟರ್ ಮೊಖೆಲೆ ವಿಜ್ಞಾನದ ಹಿರಿಮೆಯ ಬಗ್ಗೆ ಮಾತಾಡಿದರು. ಜನ ಕರಿದ ಹಿಟ್ಟಿನುಂಡೆ ಮೆಲ್ಲುತ್ತ ಕೇಳಿಸಿಕೊಂಡರು. ಆಗ ಹಿಂದಿನ ಸಾಲಿನಿಂದ ಒಬ್ಬ ಮುದುಕಿ ಎದ್ದಳು. ಮದುವೆಯಾದ ಹೆಂಗಸರು ದೂರದ ಎಂಸಿಂಗಾ ಸೀಮೆಯ ಕಡೆ ಇಡುವ ಅಗಲವಾದ ಕೆಂಪು ಟೋಪಿ, ಹೆಗಲ ಮೇಲೆ ಕಂಬಳಿ. ಮೊಣಕಾಲು ಹಿಡಿದುಕೊಂಡು ನಿಧಾನವಾಗಿ ನಕ್ಷೆಯವರೆಗೂ ನಡೆದುಬಂದಳು. ಅವಳ ಹೆಸರು ಮಾಲಂಗಾ ಎಂದು ಆಮೇಲೆ ತಿಳಿಯಿತು.

“ಇದನ್ನ ಬರೆದೋರು ಯಾರು?” ಎಂದಳು.

“ನಾನು, ಮಾ.”

“ಈ ನೀಲಿ ಹಚ್ಚಿರೋದು, ಪಂಪಿನ ಮನೆ ದಾಟಿ ಬರೋ ಕೊನೇ ಕವಲು ತಾನೆ?”

“ಹೌದು, ಮಾ.”

ಅವಳು ಅದರ ಮೇಲೆ ಬೆರಳಿಟ್ಟಳು. “ಇಲ್ಲಿ ನನ್ನ ಗಂಡ ಇದಾನೆ.”

ಮಗ್ವಿನ್ಯಾ ತಿನ್ನುತ್ತಿದ್ದ ಬಾಯಿಗಳು ನಿಂತವು. ಮೊಖೆಲೆಯವರು ಮೆಲ್ಲಗೆ ಅವಳ ಪಕ್ಕಕ್ಕೆ ಬಂದರು. “ಮಾ, ಆ ಅಪಘಾತದ ವಿಷಯ ನಮಗೂ ಗೊತ್ತು. ತುಂಬ ದುಃಖದ ವಿಷಯ. ಆದ್ರೆ ನಿಮ್ಮ ಯಜಮಾನರ ದೇಹ ಆಗ್ಲೇ ಊರಿಗೆ ಕಳಿಸಿದ್ರಲ್ಲ?”

“ದೇಹ ಕಳಿಸಿದ್ರು,” ಎಂದಳು ಮಾಲಂಗಾ. “ಅವನನ್ನ ಇಲ್ಲೇ ಇಟ್ಕೊಂಡ್ರು.”

ಸಭೆಯಲ್ಲಿದ್ದವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಮನೆಯಿಂದ ದೂರದಲ್ಲಿ ಸತ್ತವನು, ತನ್ನವರು ಬಂದು ಕರೆಯುವವರೆಗೂ ಸತ್ತ ಜಾಗ ಬಿಟ್ಟು ಕದಲುವುದಿಲ್ಲ. ಉಮ್ಲಾಲಂಕೋಸಿ ಎಂಬ ಮರದ ಮುಳ್ಳಿನ ಕೊಂಬೆ ಹಿಡಿದು ಹೋಗಿ, ಅದೇ ಜಾಗದಲ್ಲಿ ನಿಂತು, ಹೆಸರು ಹಿಡಿದು ಕರೆದು, ದಾರಿಯುದ್ದಕ್ಕೂ ಅವನಿಗೆ ಹೇಳುತ್ತ ಹೇಳುತ್ತ ಮನೆಗೆ ಕರೆತರಬೇಕು. ಅವಳ ಗಂಡ ಫಲಾಖೆ ಮ್ಚುನು ಸತ್ತಾಗ ಅವನ ಅಪ್ಪ ಕೊಂಬೆ ಹಿಡಿದು ಬಂದ. ಮುಷ್ಕರ ನಡೆಯುತ್ತಿದೆ, ಆಗುವುದಿಲ್ಲ ಎಂದರು. ಅಣ್ಣ ಬಂದ. ಆ ಮಟ್ಟವನ್ನೇ ಮುಚ್ಚಿದ್ದೇವೆ ಎಂದರು. ತಮ್ಮ ಬಂದ. ಗೋಡೆ ಕಟ್ಟಿಯಾಗಿದೆ ಎಂದರು. ಮೂವರೂ ಒಬ್ಬೊಬ್ಬರಾಗಿ ತೀರಿಕೊಂಡರು. ಗಂಡಸರು ಮಾಡಬೇಕಾದ ಕೆಲಸ ಕೊನೆಗೆ ಇವಳ ಪಾಲಿಗೆ ಬಂತು.

“ನಾನೇನು ಕೊಡಿ ಅಂತ ಬಂದಿಲ್ಲ,” ಎಂದಳು. “ನಮ್ಮವನನ್ನ ನಾನು ಕರ್ಕೊಂಡು ಹೋಗ್ತೀನಿ. ನೀವು ಆ ಕಲ್ಲಿಗೆ ಗಾರೆ ಮೆತ್ತೋಕೆ ಮುಂಚೆ ಒಂದು ಸಲ ಕೆಳಗೆ ಬಿಡಿ.”

“ಮಾ, ನಿಮ್ಮ ಭಾವನೆ ಅರ್ಥ ಆಗತ್ತೆ...”

“ಪೂರ್ತಿ ಕೇಳಪ್ಪ. ನಾಳೆ ನಾನು ಸತ್ರೆ ಮನೆಗೇ ಹೋಗ್ತೀನಿ. ಅಲ್ಲಿ ಮಾವ ಇರ್ತಾರೆ, ಅತ್ತೆ ಇರ್ತಾರೆ, ಭಾವ ಮೈದುನ ಎಲ್ಲಾ ಇರ್ತಾರೆ. ಅವನೊಬ್ಬ ಇರಲ್ಲ. ಗಂಡ ಇಲ್ದಿರೋ ಮನೇಲಿ ಅತ್ತೆ ಜೊತೆ ಎಷ್ಟು ಕಾಲ ಅಂತ ಕೂತಿರ್ಲಿ ನಾನು?”

ಹೆಂಗಸರೆಲ್ಲ ನಕ್ಕರು. ಮಾಲಂಗಾ ನಗಲಿಲ್ಲ. ಹಾಗಾಗಿ ಉಳಿದವರ ನಗುವೂ ನಿಂತಿತು.

ಮುಂದಿನ ಸಮಿತಿ ಸಭೆಯಲ್ಲಿ ಮೊಖೆಲೆ ವರದಿ ಒಪ್ಪಿಸಿದರು. ಊರಿನವರು ಯೋಜನೆಯನ್ನು ಸ್ವಾಗತಿಸಿದ್ದಾರೆ, ಹಳೆಯ ಅಪಘಾತದ ನೆನಪಿಗೆ ಒಂದು ಸ್ಮಾರಕ ಫಲಕ ಬಯಸಿದ್ದಾರೆ, ಎಂದರು.

ನನ್ನ ಮೈ ಉರಿಯಿತು. “ಫಲಕ ಯಾರು ಕೇಳಿದ್ರು ಸರ್?”

“ಸಿಸಿ ಫುತಿ, ಅವರು ಹೇಳಿದ್ದರ ತಾತ್ಪರ್ಯ ಅದೇ ಅಲ್ವಾ,” ಎಂದರು ಮೊಖೆಲೆ, ತಂಗಿಯನ್ನು ಸಮಾಧಾನಪಡಿಸುವ ಹಾಗೆ.

“ಅವರು ಕೇಳಿದ್ದು ಕೆಳಗೆ ಹೋಗೋಕೆ. ತಾತ್ಪರ್ಯ ಏನೂ ಇಲ್ಲ ಅದರಲ್ಲಿ.”

“ಆ ಮೊಣಕಾಲು ನೋಡಿದೀರಾ? ವೈದ್ಯರು ಸಹಿ ಹಾಕಲ್ಲ, ವಿಮೆಯವರು ಒಪ್ಪಲ್ಲ. ನಾನೂ ಇದೇ ಮಣ್ಣಿನ ಮಗ, ಇವೆಲ್ಲ ನಂಗೇನು ಹೊಸದಾ? ನಮ್ಮಜ್ಜೀನೂ ಮಾಡ್ತಿದ್ಲು. ಮೇಲೆ ಶಾಫ್ಟಿನ ಬಾಯಲ್ಲಿ ನಿಂತು ಕರೀಲಿ, ಚೆನ್ನಾಗಿ ಏರ್ಪಾಡು ಮಾಡಿಕೊಡೋಣ. ಸತ್ತೋರು ಬರೋಕೆ ಕೇಜ್ ಬೇಕಾ?”

ಮೇಜಿನ ಸುತ್ತ ಸಣ್ಣಗೆ ನಗು ಹರಿದಾಡಿತು. ಬಿಳಿಯರು ಯಾರಾದರೂ ಆ ಮಾತು ಆಡಿದ್ದರೆ ನನಗೆ ಅಷ್ಟು ಕೋಪ ಬರುತ್ತಿರಲಿಲ್ಲ, ಅವರಿಗೆ ಗೊತ್ತಿಲ್ಲ ಎಂದುಕೊಳ್ಳುತ್ತಿದ್ದೆ. ಈ ಮನುಷ್ಯನಿಗೆ ಗೊತ್ತಿತ್ತು. ಗೊತ್ತಿದ್ದದ್ದನ್ನೇ ಬೇರೆಯವರನ್ನು ನಗಿಸಲು ಬಳಸಿಕೊಂಡ. ಅವನ ಅಜ್ಜಿ ಅಲ್ಲಿದ್ದಿದ್ದರೆ ಕಿವಿ ಹಿಂಡುತ್ತಿದ್ದಳು.

ಅದೇ ಸಭೆಯ ಮುಂದಿನ ವಿಷಯ ವಿದೇಶಿ ಅತಿಥಿಗಳದು. ನಮ್ಮ ಜೊತೆ ಕೈಜೋಡಿಸುವ ವಿಶ್ವವಿದ್ಯಾಲಯಗಳ ಹಿರಿಯರು ಮುಂದಿನ ವಾರ ಬಂದು ಕೆಳಗಿಳಿದು ನೋಡುತ್ತಾರೆ. ಅವರಲ್ಲೊಬ್ಬರಿಗೆ ಎಂಬತ್ತರ ಹತ್ತಿರ, ಕೈಯಲ್ಲಿ ಊರುಗೋಲು. ಅವರಿಗಾಗಿ ಕೆಳಗೆ ಕುರ್ಚಿಯ ವ್ಯವಸ್ಥೆಯಾಗಬೇಕು ಎಂದು ಮೊಖೆಲೆಯೇ ಸೂಚಿಸಿದರು. ಯಾರೂ ವಿಮೆಯ ಮಾತೆತ್ತಲಿಲ್ಲ. ನಾನು ಎತ್ತಿದೆ. ಅದು ಬೇರೆ ವಿಷಯ ಎಂದರು.

ಕೊನೆಗೆ ಕಾಫಿ ಯಂತ್ರದ ತಂಟೆಯೂ ಬಗೆಹರಿಯಿತು. ಪಂಪಿನ ಮನೆಗೂ ಶಾಫ್ಟಿಗೂ ನಡುವೆ ಗೋಡೆಯಲ್ಲಿ ಒಂದು ಗೂಡಿನಂಥ ಜಾಗವಿದೆ. ಯಂತ್ರ ಅಲ್ಲಿ, ಸ್ಮಾರಕ ಫಲಕ ಅದರ ಪಕ್ಕದಲ್ಲಿ, ಜನ ಕಾಫಿ ಕುಡಿಯುತ್ತ ಓದಿಕೊಳ್ಳಬಹುದು. ಒಂದೇ ಕಲ್ಲಿಗೆ ಎರಡು ಹಕ್ಕಿ ಎಂದು ಯಾರೋ ಹೊಗಳಿದರು. ಮನುಷ್ಯನನ್ನು ಬಂಡೆಯಲ್ಲಿ ಬಿಟ್ಟು, ಅವನ ಹೆಸರನ್ನು ಕಾಫಿಯ ಪಕ್ಕ ತೂಗುಹಾಕುವುದಕ್ಕೆ ಚಪ್ಪಾಳೆ.

ನಾನು ನನ್ನ ಮೇಜಿಗೆ ಬಂದು ಕೊನೆಯ ನಕ್ಷೆ ತಯಾರಿಸಿದೆ. ಗೋಡೆ, ಬಾಗಿಲು, ತಂತಿ, ಕೊಳವೆ, ಕಾಫಿಯ ಗೂಡು, ಎಲ್ಲವನ್ನೂ ಒಂದು ಕೂದಲೆಳೆ ವ್ಯತ್ಯಾಸವಿಲ್ಲದೆ ಬರೆದೆ. ಪೂರ್ವದ ಕವಲಿನ ಬಾಯಿಗೆ ಬಂದಾಗ ನಿಲ್ಲಿಸಿದೆ. ನೀಲಿ ಅಳಿಸಿದೆ. ಅಲ್ಲಿಂದ ಮುಂದಕ್ಕೆ ಬರೀ ಬಿಳಿ ಕಾಗದ.

ಮರುದಿನ ಸ್ಟ್ರೈಡಮ್ ಆ ಹಾಳೆ ಹಿಡಿದುಕೊಂಡೇ ಬಂದರು.

“ಫುತಿ, ನನ್ನ ತೊಟ್ಟಿ ಎಲ್ಲಿ?”

“ಆ ಕೋಣೆ ಇನ್ನೂ ಖಾಲಿ ಆಗಿಲ್ಲ ಪ್ರೊಫೆಸರ್. ಒಬ್ಬರು ಇರೋ ಕೋಣೇನ ಇನ್ನೊಬ್ಬರಿಗೆ ಬರೆದುಕೊಡೋ ಅಭ್ಯಾಸ ನಂಗಿಲ್ಲ.”

ಅವರು ಹಾಳೆಯನ್ನು ನನ್ನ ಮೇಜಿನ ಮೇಲಿಟ್ಟರು. “ನೀನೂ ಇದನ್ನೆಲ್ಲ ನಂಬ್ತೀಯಾ?”

“ನಾನು ನಂಬಿದ್ರೆ ಎಷ್ಟು, ಬಿಟ್ರೆ ಎಷ್ಟು. ಗಂಡ ಅವರವನು. ಕರ್ಕೊಂಡು ಹೋಗ್ತೀನಿ ಅಂತಿದಾರೆ.”

“ಬೇರೆಯವರ ಕೈಲಿ ಬರೆಸ್ತೀನಿ.”

“ಧಾರಾಳವಾಗಿ ಬರೆಸಿ. ಅವರು ಮೊದಲಿಂದ ಅಳತೆ ತಗೋಬೇಕು. ನಿಮ್ಮ ಅತಿಥಿಗಳು ಮುಂದಿನ ವಾರ ಬರ್ತಿದಾರೆ. ಅವರಿಗೆ ಏನು ತೋರಿಸ್ತೀರಿ, ಕಾಫಿ ಯಂತ್ರನಾ?”

ಸ್ಟ್ರೈಡಮ್ ಹಾಳೆ ಎತ್ತಿಕೊಂಡು ಹೊರಟುಹೋದರು. ಸಂಜೆಯ ಹೊತ್ತಿಗೆ ಮೊಖೆಲೆಯವರಿಂದ ಮಾತು ಬಂತು: ಅತಿಥಿಗಳ ಜೊತೆಗೇ ಆ ಹೆಂಗಸೂ ಇಳಿಯಬಹುದು. ಪ್ರೊಫೆಸರಿಗೆ ಕರುಣೆ ಹುಟ್ಟಿತೆಂದು ಯಾರೂ ತಿಳಿಯಬೇಡಿ, ಅವರಿಗೆ ಬೇಕಾಗಿದ್ದದ್ದು ನಕ್ಷೆ. ಮೊಖೆಲೆ ಒಂದು ಷರತ್ತು ಹಾಕಿದರು. ಊರಿನ ಪರವಾಗಿ ಅವಳು ಅತಿಥಿಗಳೆದುರು ಎರಡು ಮಾತು ಆಡಬೇಕು. ಇಳಿಯುವ ಮೊದಲು ಆಡಿಸಿ, ಕೊಂಬೆ ಹಿಡಿದು ಗಂಡನನ್ನು ಕರೆದಮೇಲೆ ಮನೆ ಸೇರುವವರೆಗೂ ಅವಳು ಬೇರೆ ಯಾರೊಂದಿಗೂ ಮಾತಾಡುವ ಹಾಗಿಲ್ಲ ಎಂದು ನಾನು ಹೇಳಿದೆ. “ಗೊತ್ತು ಸಿಸಿ, ನನಗೇ ಪಾಠ ಹೇಳ್ತೀರಾ?” ಎಂದರು.

ಅತಿಥಿಗಳು ಬರುವ ದಿನ ಬೆಳಗ್ಗೆ ಮಾಲಂಗಾ ಬೇಗನೆ ಬಂದು ಶಾಫ್ಟಿನ ಹತ್ತಿರ ಬೆಂಚಿನ ಮೇಲೆ ಕೂತಿದ್ದಳು. ಬಿಳಿ ಬಟ್ಟೆಯಲ್ಲಿ ಸುತ್ತಿದ ಕೊಂಬೆ ತೊಡೆಯ ಮೇಲಿತ್ತು. ತಮ್ಮ ಹಟ್ಟಿಯ ಹಿಂದಿನ ಮರದ್ದೇ ಎಂದಳು. ವಿಶ್ವವಿದ್ಯಾಲಯದ ಸಮಾರಂಭ ವಿಭಾಗದವರೂ ಒಂದು ಕೊಂಬೆ ತಂದಿದ್ದರು. ಗಾಜಿನ ಹೂದಾನಿಯಲ್ಲಿ, ನಮ್ಮ ಲಾಂಛನದ ಬಣ್ಣದ ರಿಬ್ಬನ್ ಕಟ್ಟಿ. ಅವಳು ಅದನ್ನು ಮುಟ್ಟಿ, ಮೂಸಿ ನೋಡಿದಳು.

“ಇದು ನಮ್ಮ ಮೇಕೆ ತಿನ್ನೋ ಸೊಪ್ಪು,” ಎಂದಳು. “ರಿಬ್ಬನ್ ಚೆನ್ನಾಗಿದೆ.”

ಟೋಪಿಯದೂ ಒಂದು ರಗಳೆಯಾಯಿತು. ಹೆಲ್ಮೆಟ್ ಇಲ್ಲದೆ ಬಿಡುವುದಿಲ್ಲ ಎಂದು ಸುರಕ್ಷತೆಯವನು, ಗಂಡನೆದುರು ಬರಿತಲೆಯಲ್ಲಿ ನಿಲ್ಲುವುದಿಲ್ಲ ಎಂದು ಇವಳು. ಕೊನೆಗೆ ನನ್ನ ತಲೆವಸ್ತ್ರವನ್ನು ಅವಳ ತಲೆಗೆ ಬಿಗಿಯಾಗಿ ಕಟ್ಟಿ, ಅದರ ಮೇಲೆ ಹೆಲ್ಮೆಟ್ ಇಟ್ಟೆವು. ಕೆಂಪು ಟೋಪಿಯನ್ನು ಬೆಂಚಿನ ಮೇಲೆ, ಮಗುವನ್ನು ಕೂರಿಸುವ ಹಾಗೆ ಜೋಪಾನವಾಗಿ ಕೂರಿಸಿದಳು. “ಹೆಂಗೆ ಕಾಣ್ತೀನಿ?” ಎಂದಳು. ಗಣಿಯವರ ಹಾಗೆ ಎಂದೆ. “ಅವನು ಗುರುತೇ ಹಿಡಿಯಲ್ಲ ಬಿಡು,” ಎಂದಳು.

ಅತಿಥಿಗಳು ತಡವಾಗಿ ಬಂದರು. ಮೇಲೆ ಮಾತಿಗೆ ಹೊತ್ತಿಲ್ಲ ಎಂದು ಎಲ್ಲರನ್ನೂ ಕೇಜಿಗೆ ಹತ್ತಿಸಿದರು. ಕೇಜಿನವನು ಸೆಕೇತೆ, ನಮಗೆಲ್ಲ ‘ನ್ತಾತೆ’, ಅಂದರೆ ಅಪ್ಪ. ಶಾಫ್ಟಿನಲ್ಲೇ ತಲೆ ನರೆತ ಮನುಷ್ಯ, ಗಂಟೆಯ ಹಗ್ಗ ಅವನ ಕೈಯಲ್ಲಿರುತ್ತದೆ, ಅವನು ಹೊಡೆಯದೆ ಕೇಜು ಕದಲುವುದಿಲ್ಲ. ಅವನು ಮಾಲಂಗಾಳ ಕೈಯಲ್ಲಿದ್ದದ್ದನ್ನು ನೋಡಿ ತಲೆಯ ಹೆಲ್ಮೆಟ್ ತುಸು ಎತ್ತಿ ಇಟ್ಟುಕೊಂಡ. ಯಾರೂ ಹೇಳಿಕೊಟ್ಟಿರಲಿಲ್ಲ.

ಕೆಳಗೆ ಬಂಡೆಯ ಬಿಸಿ ಮುಖಕ್ಕೆ ರಾಚುತ್ತದೆ. ಊರುಗೋಲಿನ ಹಿರಿಯರನ್ನು ಕುರ್ಚಿಯಲ್ಲಿ ಕೂರಿಸಿ, ಉಳಿದವರಿಗೆ ಸ್ಟ್ರೈಡಮ್ ಸುರಂಗ ತೋರಿಸುತ್ತ ನಡೆದರು. ಮಾಲಂಗಾ ನನ್ನ ತೋಳು ಹಿಡಿದು ಹಿಂದೆ ಬಂದಳು. ಪಂಪಿನ ಮನೆ ದಾಟಿದ ಮೇಲೆ ಅವಳು ಬಟ್ಟೆ ಬಿಚ್ಚಿ ಕೊಂಬೆ ಹೊರತೆಗೆದಳು. ಒಂದು ಮುಳ್ಳು ನೇರ, ಅದರ ಪಕ್ಕದ್ದು ಹಿಂದಕ್ಕೆ ಬಾಗಿದ ಕೊಕ್ಕೆ. ಕವಲಿನ ಬಾಯಲ್ಲಿ ಎಲ್ಲರನ್ನೂ ನಿಲ್ಲಿಸಿ ನಾವಿಬ್ಬರೇ ಒಳಗೆ ಹೋದೆವು.

ಕುಸಿದ ಕಲ್ಲಿನ ರಾಶಿಯ ಮುಂದೆ ಅವಳು ನಿಂತಳು. ಕೊಂಬೆಯನ್ನು ನೆಲಕ್ಕೆ ತಾಕಿಸಿದಳು, ಗೋಡೆಗೆ ತಾಕಿಸಿದಳು. ಅಂಗಳದಿಂದ ಒಳಗಿನವರನ್ನು ಕೂಗುವಷ್ಟೇ ದನಿಯಲ್ಲಿ, ಅವನ ಹೆಸರನ್ನೂ ಕುಲದ ಬಿರುದುಗಳನ್ನೂ ಹಿಡಿದು ಕರೆದಳು.

“ಫಲಾಖೆ. ಮಾಚಿಂಗ್ವಾನೆ. ಫಾಕಾಡೆ. ನಾನು ಕಣೋ, ಮಾಲಂಗಾ. ತಡ ಆಯ್ತು ಅಂತ ಬೈಬೇಡ. ನಾವು ಮರೀಲಿಲ್ಲ, ಇವರು ಬಿಡಲಿಲ್ಲ. ನಿಮ್ಮಪ್ಪ ಬಂದಿದ್ರು, ನಿಮ್ಮಣ್ಣ ಬಂದಿದ್ದ, ತಮ್ಮ ಬಂದಿದ್ದ. ಬಾಗಿಲಿಂದ್ಲೇ ಕಳಿಸಿಬಿಟ್ರು. ಮನೇಲಿ ಎಲ್ಲಾ ಕಾಯ್ತಿದಾರೆ. ಎದ್ದೇಳು. ಕೆಲಸ ಮುಗೀತು. ಮನೆಗೆ ಹೋಗೋಣ.”

ಸ್ವಲ್ಪ ಹೊತ್ತು ಕಾದಳು. ಆಮೇಲೆ ಏನು ಕಂಡಳೋ, ಏನು ಕೇಳಿಸಿತೋ, ತಲೆಯಾಡಿಸಿ ತಿರುಗಿದಳು. ಅಲ್ಲಿಂದ ಮುಂದೆ ಅವಳ ಮಾತೆಲ್ಲ ಕೊಂಬೆಯ ಜೊತೆಗೆ ಮಾತ್ರ. “ಇಲ್ಲಿ ನೀರು ನಿಂತಿದೆ, ನೋಡ್ಕೊಂಡು ಬಾ. ಇಲ್ಲಿ ತಗ್ಗು. ಇದು ಪಂಪಿನ ಮನೆ, ನಿಂಗೆ ಗೊತ್ತಲ್ಲ.” ನಾನು ಹಿಂದಿನಿಂದ ದೀಪ ಹಿಡಿದು ನಡೆದೆ.

ಕೇಜಿನ ಮುಂದೆ ಮೊಖೆಲೆ ಅತಿಥಿಗಳನ್ನು ಅರ್ಧಚಂದ್ರದಂತೆ ನಿಲ್ಲಿಸಿದ್ದರು. ಒಬ್ಬ ಕ್ಯಾಮೆರಾ ಹಿಡಿದು ಸಿದ್ಧನಾಗಿದ್ದ.

“ಮಾ, ಈಗ ಎರಡು ಮಾತು,” ಎಂದರು.

ಮಾಲಂಗಾ ಅವರನ್ನು ದಾಟಿ ನಡೆದಳು.

“ಸರ್, ಕೊಂಬೆ ಕೈಲಿದೆ,” ಎಂದೆ. “ಅವರು ಮಾತಾಡಂಗಿಲ್ಲ.”

“ಒಪ್ಪಂದ ಆಗಿತ್ತಲ್ಲ ಸಿಸಿ. ಎರಡೇ ಮಾತು. ಮಾ, ಇವರು ಅಷ್ಟು ದೂರದಿಂದ ಬಂದಿದಾರೆ, ನಿಮಗೆ ಹೇಗನ್ನಿಸ್ತು ಅಂತ ಹೇಳಿ ಸಾಕು.” ಹೀಗೆನ್ನುತ್ತ, ಅವಳನ್ನು ಕ್ಯಾಮೆರಾದ ಕಡೆ ತಿರುಗಿಸಲು ಕೈಚಾಚಿದರು. ಕೈ ಕೊಂಬೆಗೆ ತಗುಲಿತು. ಕೊಕ್ಕೆ ಮುಳ್ಳು ಸುಕ್ಕಿಲ್ಲದ ಆ ಕೋಟಿನ ತೋಳನ್ನು ಕಚ್ಚಿಕೊಂಡಿತು. ಅವರು ಹಿಂದಕ್ಕೆ ಎಳೆದರು, ಅದು ಇನ್ನೂ ಆಳಕ್ಕೆ ಹೋಯಿತು. ಮಾಲಂಗಾ ನಿಲ್ಲಲಿಲ್ಲ. ಯೋಜನೆಯ ಮುಖ್ಯಸ್ಥರು ಮುದುಕಿಯ ಹಿಂದೆ, ಹಗ್ಗ ಹಿಡಿದು ಎಳೆದ ಕರುವಿನ ಹಾಗೆ, ಓರೆಯಾಗಿ ಹೆಜ್ಜೆ ಹಾಕಿದರು.

“ಫಲಾಖೆ,” ಎಂದಳು ಅವಳು ಕೊಂಬೆಗೆ, “ಇವರು ಮಾತಾಡಿಸ್ತಾರೆ, ನೀನು ನಿಲ್ಬೇಡ. ದಾರಿ ನೋಡ್ಕೊಂಡು ಬಾ.”

“ಎಳೀಬೇಡಿ ಸರ್,” ಎಂದೆ. “ಅವರ ಹಿಂದೇನೇ ಬನ್ನಿ, ಆಗ ಬಿಡತ್ತೆ.” ನಾನೇ ಮುಳ್ಳು ಬಿಡಿಸಿದೆ. ನಗು ಬರಬೇಕಿತ್ತು, ಬರಲಿಲ್ಲ.

ಅಷ್ಟರಲ್ಲಿ ಅತಿಥಿಗಳೆಲ್ಲ ಕೇಜು ಹತ್ತಿದ್ದರು. ಕುರ್ಚಿಯೂ ಹತ್ತಿತ್ತು. ಮೊಖೆಲೆ, ನಾನು, ಸ್ಟ್ರೈಡಮ್ ಒಳಗೆ ಸೇರಿಕೊಂಡ ಮೇಲೆ ಬಾಗಿಲ ಬಳಿ ಒಬ್ಬರು ನಿಲ್ಲುವಷ್ಟು ಜಾಗ ಉಳಿಯಿತು. ಮಾಲಂಗಾ ಹೊರಗೇ ನಿಂತಳು. ಒಬ್ಬರ ಜಾಗ, ಅವರಿಬ್ಬರು. ಬಾಯಿಬಿಟ್ಟು ಕೇಳುವಂತಿಲ್ಲ. ಕೊಂಬೆಯ ಕಡೆ ಬಾಗಿ, “ಸ್ವಲ್ಪ ಇರು. ಜಾಗ ಆಗ್ಲಿ,” ಎಂದಳು.

“ಹತ್ತಿ ಮಾ, ಹತ್ತಿ,” ಎಂದರು ಮೊಖೆಲೆ ತೋಳು ಉಜ್ಜಿಕೊಳ್ಳುತ್ತ. “ಸತ್ತೋರಿಗೆ ತೂಕ ಇರಲ್ಲ.”

ಸೆಕೇತೆಯ ಕೈ ಹಗ್ಗದ ಮೇಲಿತ್ತು. ಅವನು ಗಂಟೆ ಹೊಡೆಯಲಿಲ್ಲ.

ಇಷ್ಟು ದಿನ ಒಳಗೇ ಕುದಿಯುತ್ತಿದ್ದದ್ದು ಆಗ ಉಕ್ಕಿಬಂತು. “ತೂಕ ಇತ್ತು ಸರ್,” ಎಂದೆ. “ಬದುಕಿದ್ದಾಗ ಇದೇ ಕೇಜಲ್ಲಿ ಕುರಿ ತುಂಬಿದ ಹಾಗೆ ತುಂಬಿ ಇಳಿಸಿದ್ರು ಅವರನ್ನ. ಇಳಿಸೋವಾಗ ಜಾಗ ಇತ್ತು. ಹತ್ತಿಸೋವಾಗ ಇಲ್ವಾ? ಕುರ್ಚಿಗಿದೆ, ಮನುಷ್ಯನಿಗಿಲ್ವಾ?” ವಿದೇಶಿಯರಿಗೆ ಭಾಷೆ ಅರ್ಥವಾಗದಿದ್ದರೂ ದನಿ ಅರ್ಥವಾಗಿರಬೇಕು. ಎಲ್ಲರೂ ತಮ್ಮ ಬೂಟು ನೋಡಿಕೊಂಡರು. ಯಾರೂ ಕದಲಲಿಲ್ಲ. ನಾನು ಕೆಳಗಿಳಿದೆ.

“ಒಬ್ಬರನ್ನೇ ಕೆಳಗೆ ಬಿಟ್ಟು ಹೋಗೋ ಹಾಗಿಲ್ಲ ಮಗಳೇ,” ಎಂದ ಸೆಕೇತೆ. “ಇನ್ನೊಬ್ಬರು ಇರ್ಬೇಕು ಜೊತೆಗೆ.”

ನಾನು ಮೊಖೆಲೆಯವರನ್ನು ನೋಡಿದೆ. ಅವರು ತೋಳಿನಿಂದ ಹೊರಬಂದಿದ್ದ ಒಂದು ನೂಲನ್ನು ಪರೀಕ್ಷಿಸುತ್ತಿದ್ದರು. ನಾನು ನೋಡುತ್ತಲೇ ಇದ್ದೆ. ಅವರು ನೂಲು ಬಿಡಲಿಲ್ಲ. ಆಗ ಹಿಂದಿನಿಂದ, ಜನರನ್ನು ಸರಿಸಿಕೊಂಡು, ತಲೆ ಬಗ್ಗಿಸಿ, ಸ್ಟ್ರೈಡಮ್ ಇಳಿದು ಬಂದರು.

ಮಾಲಂಗಾ ಹತ್ತಿದಳು. ಬಾಗಿಲ ಪಕ್ಕಕ್ಕೆ ಸರಿದು, ತನ್ನ ಎಡಕ್ಕೆ ಜಾಗ ಬಿಟ್ಟಳು. “ಇದು ಕೇಜು. ನಿಂಗೆ ಗೊತ್ತಿರೋದೇ. ನನ್ನ ಪಕ್ಕ ನಿಂತ್ಕೋ. ಈ ಸಲ ಮೇಲಕ್ಕೆ.”

ಸೆಕೇತೆ ಗಂಟೆ ಹೊಡೆದ.

ನಾನೂ ಪ್ರೊಫೆಸರೂ ಕೆಳಗೇ ಇದ್ದ ಇನ್ನೊಂದು ಬೆಂಚಿನ ಮೇಲೆ ಕೂತೆವು. ಪಂಪಿನ ಸದ್ದು ಬಿಟ್ಟರೆ ಏನೂ ಇಲ್ಲ. ಅವರು ಹೆಲ್ಮೆಟ್ ತೆಗೆದು ಬೆವರು ಒರೆಸಿಕೊಂಡರು.

“ಅವನು ಹೋದ ಅಂತೀಯಾ?” ಎಂದರು.

ಗೇಲಿಯೇನೋ ಎಂದು ಮುಖ ನೋಡಿದೆ. ಅಲ್ಲ.

“ನನ್ನ ಕೇಳ್ತೀರಾ ಪ್ರೊಫೆಸರ್? ಕಾಣದೇ ಇರೋದಕ್ಕೆ ವರ್ಷಗಟ್ಟಲೆ ಕಾಯೋಕೆ ತೊಟ್ಟಿ ಕಟ್ಟಿಸ್ತಿರೋರು ನೀವು. ಅವರೂ ಅಷ್ಟೇ ಕಾದ್ರು. ನಿಮಗೆ ಸುರಂಗ ಕೊಟ್ರು, ಅವರಿಗೆ ಫಲಕ.”

ಅವರು ಹೆಲ್ಮೆಟ್ ಮತ್ತೆ ತಲೆಗೆ ಇಟ್ಟುಕೊಂಡರು. “ನಮಗಿನ್ನೂ ಏನೂ ಸಿಕ್ಕಿಲ್ಲ,” ಎಂದರು. ಹೊಟ್ಟೆಕಿಚ್ಚಿನ ದನಿಯಂತೆ ಕೇಳಿಸಿತು.

ನಾವು ಮೇಲೆ ಬಂದಾಗ ಬೆಂಚಿನ ಮೇಲಿನ ಕೆಂಪು ಟೋಪಿ ಇರಲಿಲ್ಲ. ಗೇಟಿನ ಹೊರಗೆ ಊರಿಗೆ ಹೋಗುವ ವ್ಯಾನ್ ಟ್ಯಾಕ್ಸಿಗೆ ಜನ ಹತ್ತುತ್ತಿದ್ದರು. ಮಾಲಂಗಾ ಕಿಟಕಿಯ ಪಕ್ಕ, ಟೋಪಿ ಇಟ್ಟುಕೊಂಡು ಕೂತಿದ್ದಳು. ಅವಳ ಪಕ್ಕದ ಸೀಟಿನ ಮೇಲೆ ಕೊಂಬೆ. ಚೀಲ ಹೊತ್ತ ಒಬ್ಬ ಹುಡುಗಿ ಅಲ್ಲಿ ಕೂರಲು ಹೋದಳು.

“ಅಲ್ಲಿ ಬೇಡ, ಹಿಂದೆ ಹೋಗು,” ಎಂದ ಚಾಲಕ, ತಿರುಗಿಯೂ ನೋಡದೆ. “ಆ ಸೀಟಲ್ಲಿ ಒಬ್ಬರಿದಾರೆ.”

ಹುಡುಗಿ ಕೊಂಬೆ ನೋಡಿ, “ಕ್ಷಮಿಸಿ ಬಾಬಾ,” ಎಂದು ಹಿಂದೆ ಹೋದಳು. ಚಾಲಕನಿಗೂ ಹುಡುಗಿಗೂ ಇದಕ್ಕೆ ಸಮಿತಿ ಬೇಕಾಗಲಿಲ್ಲ. ಮಾಲಂಗಾ ನನ್ನನ್ನು ನೋಡಿದಳು. ಮಾತಾಡಲಿಲ್ಲ, ಆಡಬಾರದು. ನನಗೆ ಅದೇ ಸಾಕಾಯಿತು. ನಾನು ರಸ್ತೆಯ ಬದಿಯಲ್ಲಿ ನಿಂತು ಅತ್ತೆ.

ಮರುದಿನ ಬಿಳಿ ಜಾಗಕ್ಕೆ ನೀಲಿ ತುಂಬಿದೆ. ಈಗ ಅದು ಖಾಲಿ ಕೋಣೆ, ಯಾರಿಗೆ ಬೇಕಾದರೂ ಬರೆದುಕೊಡಬಹುದು. ಭೇಟಿ ಯಶಸ್ವಿಯಾಯಿತೆಂದೂ, ತಾಂತ್ರಿಕ ಕಾರಣದಿಂದ ಮೇಲೇರುವುದು ತುಸು ತಡವಾಯಿತೆಂದೂ ಮೊಖೆಲೆ ಸಮಿತಿಗೆ ತಿಳಿಸಿದರು. ಬೇರೆ ಕೋಟು ಹಾಕಿಕೊಂಡಿದ್ದರು.

ಕಾಂಕ್ರೀಟು ಎರಚುವ ಮೊದಲು ಊರಿನವರಿಗೆ ಕೊನೆಯ ನಕ್ಷೆ ತೋರಿಸಬೇಕಿತ್ತು. ಅದೇ ಸಭಾಭವನ, ಅದೇ ಮಗ್ವಿನ್ಯಾ. ಈ ಸಲ ಬಾಗಿಲ ಹೊರಗೂ ಜನ ನಿಂತಿದ್ದರು. ಸುದ್ದಿ ಎಂಸಿಂಗಾದವರೆಗೆ, ಅಲ್ಲಿಂದಾಚೆಗೂ ಹೋಗಿತ್ತು. ಮೊಖೆಲೆ ಹಿಗ್ಗಿನಿಂದ ಫಲಕದ ಚಿತ್ರ ತೋರಿಸಿದರು. ಫಲಾಖೆ ಮ್ಚುನುವಿನ ಹೆಸರು, ಚಿನ್ನದ ಅಕ್ಷರ, ಕಾಫಿಯ ಗೂಡಿನ ಪಕ್ಕ.

“ಅವನ ಹೆಸರು ಅಲ್ಲಿ ಯಾಕೆ?” ಎಂದಳು ಒಬ್ಬ ಹೆಂಗಸು. “ಅವನು ಮನೆಗೆ ಹೋದನಲ್ಲ.”

ಮೊಖೆಲೆ ಚಿತ್ರವನ್ನು ಕೆಳಗಿಳಿಸುವಷ್ಟರಲ್ಲೇ ಒಬ್ಬ ಮುದುಕ ಗೋಡೆಯ ಬಳಿಗೆ ಬಂದ. ಕನ್ನಡಕದ ಒಂದು ಗಾಜು ಬಿರಿದಿತ್ತು. ನಕ್ಷೆಯ ಮೇಲೆ ಶಾಫ್ಟಿನಿಂದ ಬೆರಳು ಹಿಡಿದು ಮೆಲ್ಲಗೆ ನಡೆಸಿಕೊಂಡು ಹೋಗಿ, ಪಂಪಿನ ಮನೆಗೆ ಮುಂಚೆ, ಕಾಫಿ ಯಂತ್ರದ ಮೇಲೆ ನಿಲ್ಲಿಸಿದ.

“ಇಲ್ಲಿ ನನ್ನ ತಮ್ಮ ಇದಾನೆ,” ಎಂದ.

ಅವನ ಹಿಂದೆ ಜನ ಎದ್ದು ಸಾಲು ನಿಲ್ಲುತ್ತಿದ್ದರು. ಮೊಖೆಲೆ ನನ್ನ ಕಡೆ ನೋಡಿದರು, ಏನಾದರೂ ಹೇಳಿ ಕೂರಿಸು ಎನ್ನುವ ಹಾಗೆ. ನಾನು ಎದ್ದು ಹೋಗಿ, ಪೆನ್ನು ತೆಗೆದು, ಕಾಫಿ ಯಂತ್ರದ ಮೇಲೆ ಅಡ್ಡಗೀಟು ಎಳೆದೆ.

“ಹೆಸರು ಹೇಳಿ, ಬಾಬಾ,” ಎಂದೆ.